ಹೆಸರು, ಒಂದು ಹನಿ, ಕಡವು

ನದಿಗೆ ಕಿವಿ ಇದ್ದ ಊರೊಂದಿತ್ತು. ಆ ಊರಿನ ಜನ ಈಚೆ ದಡದಲ್ಲಿ ಉಣ್ಣುತ್ತಿದ್ದರು, ಮಲಗುತ್ತಿದ್ದರು, ಜಗಳವಾಡುತ್ತಿದ್ದರು, ಅಷ್ಟೇ. ಮಿಕ್ಕಿದ್ದಕ್ಕೆಲ್ಲ ಆಚೆ ದಡಕ್ಕೆ ಹೋಗಬೇಕು. ಬಟ್ಟೆ ಬೇಕಾದರೆ ಆಚೆ, ಎಣ್ಣೆ ಬೇಕಾದರೆ ಆಚೆ, ಮುರಿದ ಮೂಳೆ ಕಟ್ಟಿಸಬೇಕಾದರೆ ಆಚೆ, ಹೆರಬೇಕಾದರೂ ಆಚೆಯೇ. ಆಚೆ ದಡದ ತುಂಬ ಆಳೆತ್ತರ ಮೀರಿದ ಜೊಂಡು. ಬಾಗಿಲುಗಳೆಲ್ಲ ಆ ಜೊಂಡಿನೊಳಗೆ. ಒಂದು ಬಾಗಿಲಿನಿಂದ ಇನ್ನೊಂದಕ್ಕೆ ದಾರಿಯಿಲ್ಲ. ಕೈ ತೋರಿಸಿ ಅಗೋ ಅಲ್ಲಿ ಅನ್ನುವ ಹಾಗೂ ಇಲ್ಲ.

ಮತ್ತೆ ಹೋಗುವುದು ಹೇಗೆ? ಹೆಸರು ಹೇಳಿ. ಈಚೆ ದಡದಲ್ಲಿ ಹರಿಗೋಲು ಹತ್ತುವ ಜಾಗಗಳಿದ್ದವು. ಅವಕ್ಕೆ ಕಡವು ಎನ್ನುತ್ತಿದ್ದರು. ಕಡವಿನ ಕೊನೆಯ ಮೆಟ್ಟಿಲ ಮೇಲೆ ನಿಂತು ಬಾಗಿಲಿನ ಹೆಸರು ಹೇಳಬೇಕು, ಬೆರಳು ಅದ್ದಿ ಒಂದು ಹನಿ ನೀರು ಬಿಡಬೇಕು, ಆಮೇಲೆ ಕಡವಿನ ಹೆಸರು ಹೇಳಬೇಕು. ಹೆಸರು, ಒಂದು ಹನಿ, ಕಡವು. ನದಿ ಕೇಳಿಸಿಕೊಳ್ಳುತ್ತಿತ್ತು. ಹರಿಗೋಲು ತಿರುಗುತ್ತ ತಿರುಗುತ್ತ ಆ ಬಾಗಿಲಿಗೇ ಹೋಗಿ ನಿಲ್ಲುತ್ತಿತ್ತು. ಒಂದೇ ಹೆಸರು ಎರಡು ಕಡವುಗಳಲ್ಲಿ ಇರಬಹುದಿತ್ತು, ಒಂದೇ ಕಡವಿನಲ್ಲಿ ಎರಡು ಸಲ ಇರುವ ಹಾಗಿರಲಿಲ್ಲ. ತಪ್ಪು ಕಡವಿನಲ್ಲಿ ನಿಂತು ಸರಿಯಾದ ಹೆಸರು ಹೇಳಿದವರನ್ನು ಹರಿಗೋಲು ಬೇರೆ ಯಾರದೋ ಬಾಗಿಲಿಗೆ ಇಳಿಸಿ ಬರುತ್ತಿತ್ತು. ಅಂಬಿಗರು ಮಾತಾಡುತ್ತಿರಲಿಲ್ಲ. ಅವರಿಗೆ ಅದು ಕಟ್ಟಳೆ.

ಹೊಸ ಬಾಗಿಲು ತೆರೆಯುವವರಿಗೆ ವರ್ಷಕ್ಕೊಂದು ದಿನ ಇತ್ತು, ಹೆಸರಿನ ದಿನ. ಅಂದು ಹೊತ್ತು ಮುಳುಗುವುದರೊಳಗೆ ಒಂದು ಕಡವನ್ನು ಆರಿಸಿಕೊಂಡು, ಅದರ ಕೊನೆಯ ಮೆಟ್ಟಿಲ ಮೇಲೆ ನೀರು ಸುರಿದು, ಹೆಸರನ್ನು ನದಿಗೆ ಒಪ್ಪಿಸಬೇಕು. ಧಾರೆ ನೂಲಿನಷ್ಟು ಸಣ್ಣಗಿರಬೇಕು, ನಡುವೆ ಕಡಿಯಬಾರದು. ಹಳೆಯ ಬಾಗಿಲಿನವರೂ ಪ್ರತಿ ವರ್ಷ ಅದೇ ದಿನ ಮತ್ತೆ ಸುರಿಯಬೇಕು. ಸುರಿಯದಿದ್ದರೆ ನದಿ ಮರೆತುಬಿಡುತ್ತದೆ, ಜೊಂಡು ಮನೆಯನ್ನು ನುಂಗುತ್ತದೆ, ಆ ಹೆಸರು, ಹೊತ್ತು ಮುಳುಗಿದ ಮೇಲೂ, ಯಾರು ಬೇಕಾದರೂ ಎತ್ತಿಕೊಳ್ಳಬಹುದಾದ ಹೆಸರಾಗುತ್ತದೆ.

ಆ ಊರಿನ ಸೂಲಗಿತ್ತಿ ಈ ವರ್ಷದ ಹೆಸರಿನ ದಿನ ಬೆಳಗಿನಿಂದ ತುಂಬಿದ ಕೊಡವನ್ನು ಸೊಂಟದಲ್ಲಿಟ್ಟುಕೊಂಡು ದಡದುದ್ದಕ್ಕೂ ಅಲೆಯುತ್ತಿದ್ದಳು. ಆಚೆ ದಡದಲ್ಲಿ ಅವಳ ಮನೆ ಸಿದ್ಧವಾಗಿತ್ತು. ಕಟ್ಟುವವರ ಹರಿಗೋಲಿನಲ್ಲಿ ಓಡಾಡಿ, ಗೋಡೆಗೆ ತಾನೇ ಮಣ್ಣು ಮೆತ್ತಿ ಕಟ್ಟಿಸಿದ ಮನೆ. ಮಂಚ ಇತ್ತು, ಒಲೆ ಇತ್ತು, ಬಿಸಿನೀರಿನ ಹಂಡೆ ಇತ್ತು. ಹೆಸರೂ ಇತ್ತು: ತಾಯಿಮನೆ. ಇಲ್ಲದ್ದು ಕಡವು ಒಂದೇ. ಬಸುರಿ ತಂಗಿಗೆ ದಿನ ತುಂಬಿತ್ತು. ಇವತ್ತು ಹೊತ್ತು ಮುಳುಗುವುದರೊಳಗೆ ಕಡವು ಗೊತ್ತಾಗದಿದ್ದರೆ ಜೊಂಡು ಮನೆಯನ್ನು ಒಯ್ಯುತ್ತದೆ, ತಂಗಿಗೆ ಹೆರಲು ಬಾಗಿಲೇ ಇರುವುದಿಲ್ಲ. ಇದು ಸೂಲಗಿತ್ತಿಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ ಅವಳ ಕಾಲು ಒಂದು ಕಡೆ ನಿಲ್ಲುತ್ತಿರಲಿಲ್ಲ.

ಇಷ್ಟಕ್ಕೆಲ್ಲ ಕಾರಣ ಹೋದ ವರ್ಷದ ಹೆಸರಿನ ದಿನ. ತಾಯಿಮನೆ ಎನ್ನುವುದು ಅವಳಿಗೆ ಕೆಲಸ ಕಲಿಸಿದ ಹಿರಿ ಸೂಲಗಿತ್ತಿಯ ಬಾಗಿಲು. ಊರಿನ ಮುಕ್ಕಾಲು ಪಾಲು ಜನ ಅಲ್ಲಿ ಹುಟ್ಟಿದವರು. ಆ ಹೆಸರು ಸಂತೆಕಡವಿನಲ್ಲಿತ್ತು. ಹೋದ ವರ್ಷ ಹಿರಿಯಾಕೆ ನೀರು ಸುರಿಯಲಿಲ್ಲ. ತುಂಬಿದ ಕೊಡ ಮೆಟ್ಟಿಲ ಮೇಲೆ ಹಾಗೇ ಉಳಿಯಿತು, ಹೊತ್ತು ಮುಳುಗಿತು. ಮುದುಕಿಗೆ ಮರೆವು ಬಂತು ಎಂದರು ಜನ. ಸೂಲಗಿತ್ತಿಯೂ ಅದನ್ನೇ ನಂಬಿದ್ದಳು, ಮನಸ್ಸಿನಲ್ಲೇ ಮುದುಕಿಯನ್ನು ಬೈದುಕೊಂಡೂ ಇದ್ದಳು. ಹಿರಿಯಾಕೆ ಒಂದು ಮಾತೂ ಆಡದೆ ಆ ಚಳಿಗಾಲದಲ್ಲಿ ತೀರಿಕೊಂಡಳು.

ಅಂದು ಹೊತ್ತು ಮುಳುಗುವುದನ್ನೇ ಕಾದು ಮೆಟ್ಟಿಲ ಮೇಲೆ ಒಬ್ಬ ಕೂತಿದ್ದ. ಊರಿನವರು ಅವನನ್ನು ಹೆಸರು ಹಿಡಿದವನು ಎಂದು ಕರೆಯುತ್ತಿದ್ದರು. ಯಾರ ಹೆಸರು ನದಿಗೆ ಮರೆತುಹೋಗುತ್ತದೋ ಅದನ್ನು ತಕ್ಷಣ ತನ್ನ ಕೊಡದ ನೀರಿನಿಂದ ಹಿಡಿದಿಟ್ಟುಕೊಳ್ಳುವುದು ಅವನ ಕಸುಬು. ಮನೆ ಕಟ್ಟುವ ಉಸಾಬರಿ ಅವನಿಗಿಲ್ಲ. ಜೊಂಡಿನ ನಡುವೆ ಒಂದು ಬಾಗಿಲುವಾಡ ನಿಲ್ಲಿಸುತ್ತಾನೆ, ಕದ ಹಾಕುತ್ತಾನೆ, ಮುಂದೆ ಒಂದು ಬೆಂಚು ಇಡುತ್ತಾನೆ. ಕದದ ಹಿಂದೆ ಮತ್ತೆ ಜೊಂಡು. ಬಂದವರು ಬೆಂಚಿನ ಮೇಲೆ ಕೂತು ಕಾಯುತ್ತಾರೆ. ಕುಂಬಾರನ ಹೆಂಡತಿ ಹಾಗೇ ನೋವು ತಿನ್ನುತ್ತ ತಾಯಿಮನೆಯ ಬೆಂಚಿನ ಮೇಲೆ ಕೂತು ಕಾದಳು. ಕದ ತೆರೆಯಲಿಲ್ಲ. ಕೂಸು ಉಳಿಯಲಿಲ್ಲ. ಅವಳು ಈಗಲೂ ನದಿಯ ಕಡೆ ಮುಖ ಮಾಡಿ ಕೂರುವುದಿಲ್ಲ.

ಸೂಲಗಿತ್ತಿ ಮನೆ ಕಟ್ಟಿಸುವಾಗ ಹೆಸರು ಹಿಡಿದವನು ಒಮ್ಮೆ ಅವಳ ಅಂಗಳಕ್ಕೆ ಬಂದಿದ್ದ. ಬಂದವನು ನಗುನಗುತ್ತ ಮಾತಾಡಿಸಿದ, ನೀರು ಕೇಳಿ ಕುಡಿದ, ಆಮೇಲೆ ವಿಷಯಕ್ಕೆ ಬಂದ.

"ಹೆಸರು ಕೊಡ್ತೀನಿ ತಾಯಿ. ಬಾಗಿಲು ನಂದು, ಒಳಗಿನ ಕೋಣೆ ನಿಂದು. ಬಂದೋರು ಮೊದಲು ನನ್ನ ಬೆಂಚಿನ ಮೇಲೆ ಕೂತು ಕಾಯ್ಬೇಕು."

"ಯಾಕೆ ಕಾಯ್ಬೇಕು?"

"ಯಾಕೂ ಇಲ್ಲ. ನನ್ನ ಬಾಗಿಲ ಮುಂದೆ ಜನ ಕಾಯ್ತಿರ್ಬೇಕು. ಬೇರೆ ಏನೂ ಬ್ಯಾಡ ನಂಗೆ."

ದುಡ್ಡು ಕೇಳಿದ್ದರೆ ಅವಳಿಗೆ ಅಷ್ಟು ಭಯವಾಗುತ್ತಿರಲಿಲ್ಲ. ಅವನು ಕುಡಿದಿಟ್ಟ ಚೊಂಬನ್ನು ಅವಳು ಬೂದಿ ಹಾಕಿ ಮತ್ತೆ ಮತ್ತೆ ಉಜ್ಜಿದಳು. ಆಗುವುದಿಲ್ಲ ಎಂದು ಅವನನ್ನು ಕಳಿಸಿದ್ದಳು. ಆದರೆ ಹೆಸರನ್ನು ಬಿಡಲೂ ಅವಳಿಗೆ ಮನಸ್ಸಿಲ್ಲ. ಸಂತೆಕಡವಿನಲ್ಲಿ ಸಿಗದಿದ್ದರೆ ಏನಂತೆ, ಬೇರೆ ಕಡವಿನಲ್ಲಿ ತಾಯಿಮನೆ ಎಂದೇ ಇಡುತ್ತೇನೆ ಅಂದುಕೊಂಡಳು. ಅಲ್ಲಿಂದ ಶುರುವಾಯಿತು ಅವಳ ಅಲೆದಾಟ.

ಕಡವುಗಳೋ ಬೇಕಾದಷ್ಟಿದ್ದವು. ಸಂತೆಕಡವೇ ಎಲ್ಲಕ್ಕಿಂತ ಹಳೆಯದು, ದೊಡ್ಡದು. ಅದರ ಕಲ್ಲುಗಳು ಜನರ ಕಾಲಿಗೆ ಸವೆದು ನುಣ್ಣಗಾಗಿದ್ದವು. ಊರಲ್ಲಿ ಅರ್ಧ ಜನಕ್ಕೆ ಬೇರೆ ಕಡವುಗಳಿವೆ ಎನ್ನುವುದೇ ಗೊತ್ತಿಲ್ಲ. ಮನೆಯಿಂದ ಹೊರಟರೆ ಕಾಲು ತಾನೇ ಸಂತೆಕಡವಿಗೆ ಇಳಿಯುತ್ತಿತ್ತು. ಅಲ್ಲಿ ಇನ್ನೊಂದು ಸಲಿಗೆಯೂ ಇತ್ತು. ಹೆಸರು ಹೇಳಿ ಹನಿ ಬಿಟ್ಟರೆ ಸಾಕು, ಕಡವಿನ ಹೆಸರು ಹೇಳದಿದ್ದರೂ ನದಿ ಹೂಂಗುಟ್ಟುತ್ತಿತ್ತು. ಅಷ್ಟು ರೂಢಿ.

ದಾನಕಡವು ಏನನ್ನೂ ಮಾರದವರದು. ಸೂಲಗಿತ್ತಿ ಮೊದಲು ಹೋದದ್ದು ಅಲ್ಲಿಗೆ. ಬಾಣಂತಿಯ ಮನೆಯವರು ಕೊಡುವ ಸೀರೆ, ಅಕ್ಕಿಯನ್ನು ನೀನು ಬೇಡ ಅನ್ನುತ್ತೀಯಾ ಎಂದು ಆ ಕಡವಿನ ಕಾವಲಿನವನು ಕೇಳಿದ. ಬೇಡ ಅಂದರೆ ನಾನು ಉಣ್ಣುವುದು ಏನು ಎಂದು ಅವಳಿಗೆ ಅನ್ನಿಸಿತು. ಆ ಮಾತನ್ನು ನುಂಗಿಕೊಂಡು ವಾಪಸ್ಸು ಬಂದಳು. ಆದರೂ ತಂಗಿಗೆ, ದಾನಕಡವು ಅಂತ ನೆನಪಿಟ್ಟುಕೋ, ಎಂದು ಹೇಳಿಬಿಟ್ಟಿದ್ದಳು.

ಅದಾದ ಮೇಲೆ ಹೊಸ ಕಡವುಗಳು. ಈಚೆಗೆ ದಡದ ಮೇಲೆ ಬಿದಿರಿನ ಕಡವುಗಳು ರಾತ್ರಿ ಬೆಳಗಾಗುವುದರೊಳಗೆ ಏಳುತ್ತಿದ್ದವು. ಹೂವಿನ ಕಡವು, ನಗೆಕಡವು, ಹಬ್ಬದ ಕಡವು. ಬಣ್ಣ ಬಳಿದ ಕಂಬ, ಕಟ್ಟಿದ ತೋರಣ. ಅವುಗಳ ಕಾವಲಿನವರು ಕೂತಲ್ಲಿ ಕೂರುತ್ತಿರಲಿಲ್ಲ. ಕೊಡ ಹೊತ್ತವರನ್ನು ಕಂಡರೆ ಸಾಕು, ಸೆರಗು ಹಿಡಿದು ಕರೆಯುತ್ತಿದ್ದರು. ಮೊದಲ ವರ್ಷ ನೀನು ನೀರು ಹೊರುವುದೇ ಬೇಡ, ನಾವೇ ಸುರಿಯುತ್ತೇವೆ ಎಂದರು. ಹೂವಿನ ಕಡವಿನ ತಾಯಿಮನೆ, ಕೇಳಲಿಕ್ಕೆ ಎಷ್ಟು ಚೆನ್ನಾಗಿದೆ ನೋಡು ಎಂದರು. ಚೆನ್ನಾಗಿಯೇ ಇತ್ತು. ಸೂಲಗಿತ್ತಿ ಮನಸೋತು ಆ ಸಂಜೆಯೇ ತಂಗಿಗೆ, ದಾನಕಡವು ಅಲ್ಲ ಕಣೇ, ಹೂವಿನ ಕಡವು ಎಂದಳು. ಮಾರನೆಯ ದಿನ ನೋಡಿದರೆ, ಆ ಕಡವಿನಿಂದ ಹೋದ ಯಾರನ್ನೋ ಆಚೆ ದಡದಲ್ಲಿ ಸುಲಿದು ಕಳಿಸಿದ್ದಾರೆಂದು ಗುಲ್ಲೆದ್ದಿತ್ತು. ತಾಯಂದಿರು ಮಕ್ಕಳ ಕೈ ಹಿಡಿದು ಆ ಮೆಟ್ಟಿಲುಗಳಿಂದ ದೂರ ಎಳೆದುಕೊಂಡು ಹೋಗುತ್ತಿದ್ದರು. ನಂಬಿಕೆಯಿಲ್ಲದ ಮೆಟ್ಟಿಲ ಮೇಲೆ ಬಸುರಿ ಹೇಗೆ ಕಾಲಿಟ್ಟಾಳು?

ಕೊನೆಗೆ ಉಳಿದದ್ದು ಮಣ್ಣಕಡವು. ಯಾರ ಹೊಕ್ಕುಳಬಳ್ಳಿಯನ್ನು ಇದೇ ಊರಿನ ಮಣ್ಣಲ್ಲಿ ಹೂತಿದ್ದಾರೋ ಅವರಿಗೆ ಮಾತ್ರ ಅಲ್ಲಿ ಜಾಗ. ಸಂತೆಕಡವಿನಿಂದ ಹೊಳೆ ಇಳಿಯುವ ಕಡೆ ಸ್ವಲ್ಪ ದೂರ, ಹೆಚ್ಚು ಗಲಾಟೆಯಿಲ್ಲ, ಮೋಸವಿಲ್ಲ, ಕಾವಲಿನವಳು ಗಟ್ಟಿಗಿತ್ತಿ. ಇಲ್ಲಿಯವರ ಬಳ್ಳಿ ಕತ್ತರಿಸುವವಳಿಗೆ ಇದಕ್ಕಿಂತ ತಕ್ಕ ಕಡವು ಯಾವುದು ಅನ್ನಿಸಿ ಸೂಲಗಿತ್ತಿ ನಿನ್ನೆ ಸಂಜೆ ತಂಗಿಯ ಮನೆಗೆ ಹೋಗಿ ಮತ್ತೆ ಮಾತು ಬದಲಿಸಿದಳು. ತಂಗಿ ಸುಸ್ತಾಗಿ ಗೋಡೆಗೆ ಒರಗಿ ಕೂತಿದ್ದಳು. ನಕ್ಕಳು.

"ಅಕ್ಕ, ಮೂರು ಕಡವು ಹೇಳ್ದೆ. ನನ್ನ ತಲೇಲಿ ಮೂರೂ ಕಲಸಿಹೋಗಿವೆ. ನೀನೇ ಬಂದು ಕರ್ಕೊಂಡು ಹೋಗು."

"ನಾನೇ ಬರ್ತೀನಿ. ನಾಳೆ ಸುರಿದ ಕೂಡ್ಲೇ ಬರ್ತೀನಿ" ಎಂದಿದ್ದಳು ಸೂಲಗಿತ್ತಿ.

ಆದರೆ ಬೆಳಗಾದ ಮೇಲೆ ಮತ್ತೆ ಮನಸ್ಸು ಹೊಯ್ದಾಡಿತು. ಹೊರಗಿನಿಂದ ಬಂದ ಸೊಸೆಯಂದಿರು ಮಣ್ಣಕಡವಿಗೆ ಬರಲು ಹಿಂಜರಿದರೆ? ಕೊಡ ಹೊತ್ತು ದಾನಕಡವಿನವರೆಗೂ ಹೋದಳು, ಹಿಂದಿರುಗಿದಳು. ಸಂತೆಕಡವಿನ ಮೇಲಿಂದ ಹಾದುಹೋಗುವಾಗ ತಲೆ ತಗ್ಗಿಸಿದಳು. ಹೆಸರು ಹಿಡಿದವನು ಬೆಳಕು ಹರಿಯುವ ಮೊದಲೇ ತನ್ನ ಕೊಡ ಸುರಿದು ಆಚೆಗೆ ಹೋಗಿದ್ದಾನೆಂದು ಯಾರೋ ಹೇಳಿದರು. ಅಲೆದಾಡುವಷ್ಟರಲ್ಲಿ ಸೂರ್ಯ ನೆತ್ತಿ ದಾಟಿ ಇಳಿಯತೊಡಗಿದ. ಆಗ ಮಾತ್ರ ಅವಳು ಗಾಬರಿಯಾಗಿ ಮಣ್ಣಕಡವಿನ ಸಾಲಿನಲ್ಲಿ ಹೋಗಿ ನಿಂತಳು. ಸೊಂಟದ ಮೇಲೆ ಕೊಡದ ಗುರುತು ಮೂಡಿತ್ತು.

ಸಾಲು ನಿಧಾನವಾಗಿ ಕರಗಿತು. ಕಾವಲಿನವಳು ಕೇಳುತ್ತಿದ್ದಳು: ಹೆಸರು? ಬಂದವರು ಹೇಳುತ್ತಿದ್ದರು. ಕಡವು? ಮಣ್ಣಕಡವು. ಸುರಿ. ನೂಲಿನಂಥ ಧಾರೆ ಇಳಿಯುತ್ತಿತ್ತು. ಮತ್ತೆ, ಹೆಸರು? ಕಡವು? ಸುರಿ. ಮೆಟ್ಟಿಲ ನೆರಳು ಒಂದು ಕಲ್ಲಿನಿಂದ ಕೆಳಗಿನ ಕಲ್ಲಿಗೆ ಜಾರಿತು. ಕೊನೆಗೆ ಅವಳ ಮುಂದೆ ಉಳಿದದ್ದು ಗಾಣದವನೊಬ್ಬ. ಅವನು ಯಾಕೋ ಊರಲ್ಲೇ ದೊಡ್ಡದಾದ ಕೊಡ ಹೊತ್ತು ತಂದಿದ್ದ. ನೀರು ಹೆಚ್ಚಿದ್ದಷ್ಟೂ ನದಿಗೆ ನೆನಪು ಹೆಚ್ಚು ಎಂದು ಅವನ ನಂಬಿಕೆ. ಧಾರೆ ಶುರುವಾಯಿತು. ಅದು ಮುಗಿಯುವ ಲಕ್ಷಣವಿರಲಿಲ್ಲ, ಕಡಿಯುವಂತೆಯೂ ಇರಲಿಲ್ಲ.

ಆಗ ಹೊಳೆಯ ಮೇಲಿನಿಂದ ಒಂದು ಕೂಗು ನೀರಿನ ಮೇಲೆ ತೇಲಿಬಂತು.

"ಅವ್ವಾ!"

ಆ ದನಿ ಸೂಲಗಿತ್ತಿಗೆ ಗೊತ್ತು. ಚಿಕ್ಕಂದಿನಲ್ಲಿ ಅವ್ವ ತೀರಿಕೊಂಡ ಮೇಲೆ ಅದೇ ದನಿಯನ್ನು ಅವಳು ತೊಡೆಯ ಮೇಲೆ ಹಾಕಿಕೊಂಡು ಮಲಗಿಸಿದ್ದಳು. ಹೊರಳಿ ನೋಡಿದಳು. ಹೊಳೆಯ ಮೇಲ್ಗಡೆ, ಸಂತೆಕಡವಿನಿಂದ ಒಂದು ಹರಿಗೋಲು ಬಿಟ್ಟಿತ್ತು. ಅದರ ತಳದಲ್ಲಿ ಯಾರೋ ಮುದುಡಿ ಮಲಗಿದ್ದರು. ಪಕ್ಕದಲ್ಲಿ ನಿಂತವನು ತಂಗಿಯ ಗಂಡ. ಹರಿಗೋಲು ತಿರುಗುತ್ತ ತಿರುಗುತ್ತ ಜೊಂಡಿನ ಕಡೆಗೆ ಹೋಗುತ್ತಿತ್ತು, ಆ ಬೆಂಚಿನ ಕಡೆಗೆ.

ಅವಳು ಗಾಣದವನ ಕೊಡವನ್ನು ನೋಡಿದಳು. ಅರ್ಧವೂ ಮುಗಿದಿರಲಿಲ್ಲ. ಸೂರ್ಯನನ್ನು ನೋಡಿದಳು. ಕುಂಬಾರನ ಹೆಂಡತಿಯ ಬೆನ್ನು ಕಣ್ಣಿಗೆ ಕಟ್ಟಿತು. ಕಾವಲಿನವಳು ಅವಳ ಮುಖ ನೋಡಿ, ಸಾಲು ಬಿಟ್ಟರೆ ಸರದಿ ಹೋಯಿತು, ಹೊತ್ತು ಮುಳುಗಿದರೆ ಮನೆಯೂ ಹೋಯಿತು, ಆಮೇಲೆ ನನ್ನ ಕೇಳಬೇಡ ಎಂದಳು. ಸೂಲಗಿತ್ತಿ ಸಾಲಿನಿಂದ ಹೊರಗೆ ಬಂದಳು. ತುಂಬಿದ ಕೊಡವನ್ನು ಮೆಟ್ಟಿಲ ಮೇಲಿಟ್ಟಳು. ಸೆರಗು ಸೊಂಟಕ್ಕೆ ಸಿಕ್ಕಿಸಿ ಓಡಿದಳು.

ಸಂತೆಕಡವಿನ ಕಾವಲಿನವನು ಎಲೆ ಅಡಿಕೆ ಅಗಿಯುತ್ತ ಚಾಪೆಯ ಮೇಲೆ ಕೂತಿದ್ದ. ಏದುಸಿರು ಬಿಡುತ್ತ ಬಂದವಳ ಬರಿಗೈ ನೋಡಿ ಅವನು ಎಲೆಯನ್ನು ದವಡೆಗೆ ಒತ್ತಿದ.

"ಕೊಡ ಇಟ್ಟು ಬಂದ್ಯಾ? ಹೋದ ವರ್ಷ ಆ ಮುದುಕೀನೂ ಇಲ್ಲಿ ಹಿಂಗೇ ಇಟ್ಟು ಓಡಿದ್ಲು. ಮೀನುಗಾರರ ಹುಡುಗಿಗೆ ನೋವು ಬಂದಿತ್ತು."

ಸೂಲಗಿತ್ತಿಯ ಕಾಲು ಒಂದು ಕ್ಷಣ ನಿಂತೇಬಿಟ್ಟಿತು. ಮರೆವಲ್ಲ. ವರ್ಷವಿಡೀ ಅವಳು ಮನಸ್ಸಿನಲ್ಲಿ ಬೈದದ್ದು ಸುಳ್ಳಿಗೆ. ಆ ಮುದುಕಿ ಒಂದೇ ಒಂದು ಸಲವೂ ಬಾಯಿ ಬಿಟ್ಟು ಹೇಳಲಿಲ್ಲವಲ್ಲ. ಆದರೆ ಅಳುವುದಕ್ಕೂ ಹೊತ್ತಿರಲಿಲ್ಲ. ಕೊನೆಯ ಮೆಟ್ಟಿಲಿಗೆ ಇಳಿದಳು. ತನ್ನದಾಗಬೇಕಿದ್ದ ಹೆಸರನ್ನು ಆ ಇನ್ನೊಬ್ಬನ ಬಾಗಿಲು ಸೇರುವುದಕ್ಕೆಂದು ಅವಳೇ ಹೇಳಬೇಕಾಯಿತು.

"ತಾಯಿಮನೆ" ಎಂದಳು. ಒಂದು ಹನಿ ಬಿಟ್ಟಳು. "ಸಂತೆಕಡವು."

ಹರಿಗೋಲು ತಿರುಗಿತು. ದಡ ತಿರುಗಿತು, ಜೊಂಡು ತಿರುಗಿತು, ಕೆಂಪಗಾಗತೊಡಗಿದ್ದ ಸೂರ್ಯ ಒಮ್ಮೆ ಎಡಕ್ಕೆ ಒಮ್ಮೆ ಬಲಕ್ಕೆ ಬಂದ. ಅಂಬಿಗ ಹುಟ್ಟು ಹಾಕುತ್ತಿದ್ದ, ಮಾತಾಡಲಿಲ್ಲ. ಬೇಗ ಹಾಕಪ್ಪ ಎಂದು ಅವಳು ಬೇಡಿಕೊಂಡಳು. ಅವನ ಹುಟ್ಟು ಬೇಗವೂ ಆಗಲಿಲ್ಲ, ನಿಧಾನವೂ ಆಗಲಿಲ್ಲ. ಜೊಂಡು ಇಬ್ಬದಿಗೂ ಸರಿದು ಬಾಗಿಲುವಾಡ ಕಾಣಿಸಿತು.

ಬೆಂಚಿನ ಮೇಲೆ ತಂಗಿ ಇದ್ದಳು. ಕೂರಲೂ ಆಗದೆ, ಮಲಗಲೂ ಆಗದೆ, ಬೆಂಚಿನ ಅಂಚನ್ನು ಹಿಡಿದು ನೇತುಬಿದ್ದಿದ್ದಳು. ಅವಳ ಬಾಯಲ್ಲಿ ಒಂದೇ ಮಾತು, ಅವ್ವಾ, ಅವ್ವಾ. ಅವಳ ಗಂಡ ಮುಚ್ಚಿದ ಕದವನ್ನು ಎರಡೂ ಕೈಯಿಂದ ಬಡಿಯುತ್ತಿದ್ದ. ಕದದ ಪಕ್ಕದಲ್ಲಿ ಹೆಸರು ಹಿಡಿದವನು ಕೈಕಟ್ಟಿಕೊಂಡು ನಿಂತಿದ್ದ. ಅವನ ಮುಖದಲ್ಲಿ ಕೆಡುಕಿನ ಗುರುತೇನೂ ಇರಲಿಲ್ಲ. ಹೊಟ್ಟೆ ತುಂಬ ಉಂಡವರ ನೆಮ್ಮದಿ ಇತ್ತು.

ಹೆಸರು ಹಿಡಿದವನು ಅವಳನ್ನು ಬಾ ತಾಯಿ ಎಂದು ಕರೆದ. ಕದದ ಹಿಂದೆ ಒಣಗಿದ ನೆಲ ಇದೆ, ಜೊಂಡು ಕುಯ್ಯಿಸಿ ಹುಲ್ಲು ಹಾಸಿಸಿದ್ದೇನೆ, ನೀನು ಬಂದೇ ಬರುತ್ತೀ ಎಂದು ಗೊತ್ತಿತ್ತು ಎಂದ. ಬೆಂಚಿನ ಸುತ್ತ ಬರೀ ಕೆಸರು.

"ಒಂದೇ ಮಾತು" ಎಂದ. "ಬಾಗಿಲು ನಂದು, ಕೈ ನಿಂದು. ಹೂಂ ಅನ್ನು, ಕದ ತೆಗೀತೀನಿ."

ತಂಗಿಯ ಗಂಡ ಅವಳತ್ತ ತಿರುಗಿ, ಹೂಂ ಅಂದುಬಿಡಕ್ಕ ಎಂದು ಅತ್ತ. ಸೂಲಗಿತ್ತಿಯ ಬಾಯಿಗೂ ಹೂಂ ಬಂದಿತ್ತು. ಯಾಕೆ ಬರಬಾರದು? ತಂಗಿಯ ಮುಖ ಬಿಳಚಿಕೊಂಡಿತ್ತು. ಒಂದು ಹೂಂಗೆ ಒಣನೆಲ ಸಿಗುತ್ತದೆ. ಆದರೆ ಆ ಒಂದು ಹೂಂನ ಹಿಂದೆ ಬೆಂಚಿನುದ್ದಕ್ಕೂ ಕೂತ ಹೆಂಗಸರು ಅವಳಿಗೆ ಕಂಡರು, ಇನ್ನೂ ಬಸುರಾಗದವರು, ಇನ್ನೂ ಹುಟ್ಟದವರು ಕೂಡ, ಎಲ್ಲರೂ ಬೆಂಚಿನ ಅಂಚು ಹಿಡಿದು ಕಾಯುವವರು.

ಅವಳು ಅವನಿಗೆ ಬೆನ್ನು ಹಾಕಿದಳು. ತಂಗಿಯ ಕಂಕುಳಿಗೆ ಕೈ ಹಾಕಿ ಎತ್ತಿದಳು.

"ಕಾಲು ಹಿಡ್ಕೊ" ಎಂದಳು ತಂಗಿಯ ಗಂಡನಿಗೆ. "ಹರಿಗೋಲಿಗೆ."

ಅವಳನ್ನು ಕರೆತಂದ ಹರಿಗೋಲು ಜೊಂಡಿನ ಪಕ್ಕದಲ್ಲೇ ನಿಂತಿತ್ತು. ಇಬ್ಬರೂ ಸೇರಿ ತಂಗಿಯನ್ನು ಅದರ ತಳದಲ್ಲಿ ಮಲಗಿಸಿದರು. ಅಂಬಿಗ ಮುಖ ತಿರುಗಿಸಿ ಕೂತ. ಆದರೆ ತನ್ನ ಹೆಗಲ ಮೇಲಿನ ಕಂಬಳಿಯನ್ನು ತೆಗೆದು, ನೋಡದೆಯೇ, ಹಿಂದಕ್ಕೆ ಚಾಚಿದ. ಹರಿಗೋಲು ಸಣ್ಣಗೆ ತೂಗುತ್ತಿತ್ತು. ಅಲ್ಲಿ ಯಾವ ಕಡವೂ ಇರಲಿಲ್ಲ, ಯಾವ ಬಾಗಿಲೂ ಇರಲಿಲ್ಲ. ಸೂಲಗಿತ್ತಿಗೆ ಕೈ ಇತ್ತು, ತಂಗಿಗೆ ನೋವಿತ್ತು. ಬಿಸಿನೀರಿಲ್ಲ, ದೀಪವಿಲ್ಲ. ಹಿರಿಯಾಕೆ ಕಲಿಸಿದ್ದನ್ನೆಲ್ಲ ಕೈ ತಾನಾಗಿ ಮಾಡುತ್ತಿತ್ತು. ತಂಗಿ ಅವ್ವಾ ಎಂದಾಗಲೆಲ್ಲ ಅವಳು ಹೂಂ ಎಂದಳು. ಹೆಸರು ಹಿಡಿದವನಿಗೆ ಕೊಡದ ಹೂಂ ಅನ್ನು ತಂಗಿಗೆ ಮತ್ತೆ ಮತ್ತೆ ಕೊಟ್ಟಳು.

ಕೂಸು ಬಂತು. ಬಂದದ್ದು ಅಳಲಿಲ್ಲ. ಹರಿಗೋಲು ತೂಗುವುದನ್ನು ನಿಲ್ಲಿಸಿದ ಹಾಗಿತ್ತು. ಸೂಲಗಿತ್ತಿ ಅದರ ಬಾಯೊಳಗೆ ಬೆರಳಾಡಿಸಿ ತೆಗೆದಳು, ಬೆನ್ನು ಉಜ್ಜಿದಳು, ಅಂಗಾಲು ತಟ್ಟಿದಳು, ಮತ್ತೆ ಉಜ್ಜಿದಳು. ತಂಗಿ ತಲೆಯೆತ್ತಿ ನೋಡುತ್ತಿದ್ದಳು, ಕೇಳಲು ಹೆದರಿ. ಆಮೇಲೆ ಬೆಕ್ಕಿನ ಮರಿಯಂತೆ ಒಂದು ಸಣ್ಣ ಸದ್ದಾಯಿತು. ಮತ್ತೊಂದು ದೊಡ್ಡದಾಯಿತು. ಹೆಣ್ಣುಕೂಸು. ಅಂಬಿಗ ಬೆನ್ನು ಸಡಿಲಿಸಿ ನಿಟ್ಟುಸಿರು ಬಿಟ್ಟ.

ಹೆಸರು ಹಿಡಿದವನು ಕದದ ಮುಂದೆ ನಿಂತೇ ಇದ್ದ. ಬೆಂಚು ಖಾಲಿಯಾಗಿತ್ತು. ಅವನು ಅದನ್ನು ಸರಿಪಡಿಸಿ ಇಟ್ಟ.

ಹರಿಗೋಲು ವಾಪಸ್ಸು ಹೊರಟಾಗ ಸೂರ್ಯ ನೀರು ಮುಟ್ಟಲು ಸ್ವಲ್ಪವೇ ಉಳಿದಿತ್ತು. ತಂಗಿಯ ಗಂಡ ತಲೆ ಎತ್ತಲಿಲ್ಲ. ನೋವು ಬಂದ ಕೂಡಲೇ ಅಕ್ಕನನ್ನು ಹುಡುಕಿದೆ, ಸಿಗಲಿಲ್ಲ, ಯಾವ ಕಡವು ಎಂದು ಆ ಹೊತ್ತಿನಲ್ಲಿ ತಲೆಗೆ ಬರಲಿಲ್ಲ, ಕಾಲು ಸಂತೆಕಡವಿಗೆ ಇಳಿಯಿತು ಎಂದ. ನಿನ್ನ ಕಾಲಿನದೇನೂ ತಪ್ಪಿಲ್ಲಪ್ಪ, ದಿನಕ್ಕೊಂದು ಕಡವು ಹೇಳಿದವಳು ನಾನು ಎಂದಳು ಸೂಲಗಿತ್ತಿ. ಹಾಗೆ ಹೇಳುವಾಗ ಅವಳಿಗೆ ನಾಚಿಕೆಯಾಯಿತು. ಎಲ್ಲ ಕಡವುಗಳನ್ನೂ ತೂಗಿ ನೋಡಿದ್ದಳು. ಹೆರುವವಳು ಯಾವ ಮೆಟ್ಟಿಲಿಗೆ ಓಡುತ್ತಾಳೆ, ಆಗ ಅವಳ ಬಾಯಿಗೆ ಏನು ಬರುತ್ತದೆ ಎಂದು ಮಾತ್ರ ಕೇಳಿಕೊಂಡಿರಲಿಲ್ಲ. ಹಿರಿಯಾಕೆ ಒಮ್ಮೆ ಕೈ ತೊಳೆಯುತ್ತ ನಕ್ಕು ಹೇಳಿದ್ದಳು, ಇಷ್ಟು ಜನ ಹೆತ್ತರು, ಒಬ್ಬಳಾದರೂ ನೋವಿನಲ್ಲಿ ನನ್ನ ಹೆಸರು ಹಿಡಿದು ಕರೆದಳೇ ಎಂದು. ಆಗ ಅದು ಬರೀ ತಮಾಷೆ ಎಂದುಕೊಂಡಿದ್ದಳು.

ಸಂತೆಕಡವಿಗೆ ಹರಿಗೋಲು ತಾಗಿತು. ಸಾಲು ಕರಗಿ ಮೆಟ್ಟಿಲು ಬರಿದಾಗಿತ್ತು. ಕಾವಲಿನವನು ಚಾಪೆ ಸುತ್ತುತ್ತಿದ್ದ. ಮಣ್ಣಕಡವಿಗೆ ಓಡಿದರೆ ಹೊತ್ತು ಮುಳುಗುತ್ತದೆ. ಕೊಡ ಅಲ್ಲಿತ್ತು, ಅವಳು ಇಲ್ಲಿದ್ದಳು. ಹರಿಗೋಲಿನ ತಳದಲ್ಲಿ ನೀರು ಎತ್ತಿ ಹಾಕುವ ತೆಂಗಿನ ಚಿಪ್ಪು ಬಿದ್ದಿತ್ತು. ಅದನ್ನೇ ಎತ್ತಿಕೊಂಡು ಹೊಳೆಗೆ ಅದ್ದಿ ತುಂಬಿಸಿ ಕೊನೆಯ ಮೆಟ್ಟಿಲ ಮೇಲೆ ನಿಂತಳು. ಅವಳ ಮೊಣಕೈವರೆಗೂ ರಕ್ತ ಒಣಗಿತ್ತು.

ಕಾವಲಿನವನು ಚಿಪ್ಪನ್ನು ನೋಡಿ, ಅವಳನ್ನು ನೋಡಿದ. ಚಿಪ್ಪಿನಲ್ಲಿ ಯಾರೂ ಸುರಿದಿಲ್ಲ ಎಂದ. ಸುರಿಯಬಾರದು ಅಂತ ಯಾರಾದರೂ ಹೇಳಿದ್ದಾರಾ ಎಂದು ಅವಳು ಕೇಳಿದಳು. ಅವನು ಯೋಚಿಸಿದ. ಇಲ್ಲ ಎಂದ. ಚಾಪೆಯನ್ನು ಮತ್ತೆ ಬಿಡಿಸಿ ಕೂತ.

"ಹೆಸರು?"

ಅವಳ ನಾಲಿಗೆಯ ಮೇಲೆ ತಾಯಿಮನೆ ಇತ್ತು. ಇಡೀ ವರ್ಷ ಇದ್ದದ್ದು. ಅದು ಇಲ್ಲಿ ಇನ್ನೊಬ್ಬನದು. ಬಿಡಬೇಕು. ಬಿಡುವಾಗ ಹಿರಿಯಾಕೆಯನ್ನು ಇನ್ನೊಮ್ಮೆ ಮಣ್ಣು ಮಾಡಿದಷ್ಟು ದುಃಖವಾಯಿತು. ಹಿಂದೆ ಹರಿಗೋಲಿನಲ್ಲಿ ತಂಗಿ ಹೊರಳಿದಳು, ನರಳಿದಳು, ಅವ್ವಾ ಎಂದಳು.

"ಅವ್ವಾ" ಎಂದಳು ಸೂಲಗಿತ್ತಿ.

ಕಾವಲಿನವನಿಗೆ ಅವಳು ಅಳುತ್ತಿದ್ದಾಳೆ ಅನ್ನಿಸಿತು. ಅಳು ಸಾಕು, ಹೊತ್ತಾಯಿತು, ಹೆಸರು ಹೇಳು ಎಂದ.

"ಅದೇ ಹೆಸರು. ಅವ್ವಾ. ಈ ಕಡವಿನಲ್ಲಿ ಯಾರಾದ್ರೂ ಹಿಡಿದಿದ್ದಾರಾ?"

"ಅದನ್ಯಾರು ಹಿಡೀತಾರೆ? ಅದು ಹೆಸರಲ್ಲ ಕಣಮ್ಮ, ಕೂಗು." ಅವನು ಎಲೆ ಉಗುಳಿ ಬಂದ. "ಕೇಳು. ಇಲ್ಲಿ ಕಾಲು ಜಾರಿದೋರು ಅವ್ವಾ ಅಂತಾರೆ. ಏಡಿ ಕಚ್ಚಿದೋರು ಅವ್ವಾ ಅಂತಾರೆ. ಕುಡಿದು ಬಿದ್ದೋನೂ ಅವ್ವಾ ಅಂತಾನೆ. ಕಣ್ಣೀರು ಒಂದು ಹನಿ ಬಿತ್ತು ಅಂದ್ರೆ ಆಯ್ತು, ಹರಿಗೋಲು ಎಲ್ಲರನ್ನೂ ನಿನ್ನ ಬಾಗಿಲಿಗೆ ತಂದು ಹಾಕುತ್ತೆ."

"ಬರಲಿ" ಎಂದಳು.

ಸೂರ್ಯನ ಅಂಚು ನೀರಿಗೆ ತಾಗಿತು. ಕಾವಲಿನವನು ಇನ್ನೇನೋ ಹೇಳಲು ಹೋಗಿ ಬಿಟ್ಟ. ಕಡವು ಯಾವುದು ಎಂದು ಕಟ್ಟಳೆಯಂತೆ ಕೇಳಿದ. ಸಂತೆಕಡವು ಎಂದಳು. ಸುರಿ ಎಂದ. ಅವಳು ಚಿಪ್ಪನ್ನು ಬಾಗಿಸಿದಳು. ಧಾರೆ ನೂಲಾಗಿ ಇಳಿಯಿತು. ಕೂಸು ಅತ್ತಿತು. ಧಾರೆ ಕಡಿಯಲಿಲ್ಲ. ಚಿಪ್ಪು ಬರಿದಾದಾಗ ಹೊಳೆಯ ಮೇಲೆ ಕೆಂಪು ಇನ್ನೂ ಒಂಚೂರು ಉಳಿದಿತ್ತು.

ಮಣ್ಣಕಡವಿನ ಮೆಟ್ಟಿಲ ಮೇಲೆ ಅವಳ ಕೊಡ ಬಹಳ ದಿನ ಹಾಗೇ ಇತ್ತು. ಹಕ್ಕಿಗಳು ಅದರಲ್ಲಿ ನೀರು ಕುಡಿದವು. ತಾಯಿಮನೆ ಎಂಬ ಹೆಸರು ಅವಳಿಗೆ ಮತ್ತೆ ಸಿಗಲಿಲ್ಲ, ಆ ನೋವೂ ಪೂರ್ತಿ ಹೋಗಲಿಲ್ಲ. ಆದರೆ ಆ ಊರಿನಲ್ಲಿ ಹೆರುವ ಹೆಂಗಸರಿಗೆ ಕಡವು ನೆನಪಿಡುವ ಕಷ್ಟ ತಪ್ಪಿತು. ಕಾಲು ರೂಢಿಯಂತೆ ಸಂತೆಕಡವಿಗೆ ಇಳಿಯುತ್ತಿತ್ತು, ಬಾಯಿ ತಾನಾಗಿ ಕೂಗುತ್ತಿತ್ತು, ಹನಿ ಕಣ್ಣಿನಿಂದಲೇ ಬೀಳುತ್ತಿತ್ತು. ಕಾವಲಿನವನು ಹೇಳಿದ್ದೂ ಸುಳ್ಳಾಗಲಿಲ್ಲ. ಏಡಿ ಕಚ್ಚಿದವರು ಬಂದರು, ಕುಡುಕರು ಬಂದರು, ಗಂಡನ ಮನೆಯಲ್ಲಿ ಬೈಸಿಕೊಂಡ ಸೊಸೆಯೊಬ್ಬಳು ಸುಮ್ಮನೆ ಅತ್ತು ಹೋಗಲು ಬಂದಳು. ಸೂಲಗಿತ್ತಿ ಗೊಣಗುತ್ತಲೇ ಎಲ್ಲರಿಗೂ ಹಂಡೆಯಿಂದ ಬಿಸಿನೀರು ಕೊಟ್ಟಳು.

ಒಂದು ಮಧ್ಯಾಹ್ನ ಹರಿಗೋಲಿನ ಸದ್ದಾಗಿ ಅವಳು ಹೊರಗೆ ಬಂದಳು. ಅಂಬಿಗ ಒಬ್ಬನನ್ನು ಇಳಿಸುತ್ತಿದ್ದ. ಸಂತೆಕಡವಿನ ಪಾಚಿಯ ಮೇಲೆ ಜಾರಿ ಬಿದ್ದು ಕಾಲು ಮುರಿದುಕೊಂಡವನು. ಮುಖ ನೋವಿಗೆ ಕಿವುಚಿಹೋಗಿತ್ತು. ಗುರುತು ಸಿಗುವುದಕ್ಕೆ ಅವಳಿಗೆ ಸ್ವಲ್ಪ ಹೊತ್ತು ಹಿಡಿಯಿತು. ಹೆಸರು ಹಿಡಿದವನು. ಅವನಿಗೂ ತಾನೆಲ್ಲಿ ಬಂದೆ ಎಂದು ಆಮೇಲೆ ತಿಳಿಯಿತು. ಅವಳ ಕಣ್ಣು ತಪ್ಪಿಸಿ, ಬಾಗಿಲ ಅಕ್ಕಪಕ್ಕ ಏನನ್ನೋ ಹುಡುಕಿದ. ಕೂರುವ ಜಾಗ ಹುಡುಕುತ್ತಿದ್ದಾನೆಂದು ಅವಳಿಗೆ ಗೊತ್ತಾಯಿತು.

ಅವಳು ಬಾಗಿಲಲ್ಲಿ ನಿಂತು ಅವನನ್ನು ನೋಡಿದಳು. ಕುಂಬಾರನ ಹೆಂಡತಿಯನ್ನು ನೆನೆದಳು, ಖಾಲಿ ಬೆಂಚನ್ನು ಸರಿಪಡಿಸಿ ಇಟ್ಟ ಅವನ ಕೈಯನ್ನು ನೆನೆದಳು. ಕದ ಹಾಕಿಬಿಡಲೇ ಎಂದು ಅವಳಿಗೆ ನಿಜವಾಗಿಯೂ ಅನ್ನಿಸಿತು. ಒಳಗೆ ಒಲೆಯ ಮೇಲೆ ನೀರು ಕುದಿಯುತ್ತಿತ್ತು.

"ಇಲ್ಲಿ ಬೆಂಚಿಲ್ಲ" ಎಂದಳು. "ಒಳಗೆ ಬಾ."